ಉಜನಿ ಹಿನ್ನೀರಿನಲ್ಲಿ ಬಾಳೆಮೀನಿಗೆ ತೇಲುಗಾಳ: ಒಂದು ದೋಣಿ ಸೇವೆಯ ವಿಮರ್ಶೆ

ಕಳೆದ ಫೆಬ್ರುವರಿಯ ಒಂದು ಭಾನುವಾರ ನಾನೂ ನನ್ನ ಸೋದರಮಾವನ ಮಗನೂ ಮಹಾರಾಷ್ಟ್ರದ ಉಜನಿ ಜಲಾಶಯದಲ್ಲಿ ಗಾಳ ಹಾಕುವುದಕ್ಕಾಗಿ ಭಿಗವಣದ ಹತ್ತಿರದ ಒಂದು ದೋಣಿ ಸೇವೆಯನ್ನು ಗೊತ್ತು ಮಾಡಿಕೊಂಡಿದ್ದೆವು. ಇಬ್ಬರಿಗೆ ಆರು ಗಂಟೆಗಳ ಬಾಡಿಗೆ 5,500 ರೂಪಾಯಿ. ಕೋಲು, ರೀಲು, ಗಾಳ, ಎರೆ ಎಲ್ಲವೂ ಅದರಲ್ಲಿಯೇ ಸೇರಿದ್ದವು. ಅದಕ್ಕೂ ಮೊದಲು ನಾನು ವಿಚಾರಿಸಿದ್ದ ಇಬ್ಬರು ದೋಣಿಯವರು ಹಿಂದಿನ ವಾರ ಎಷ್ಟು ಕಿಲೋದ ಮೀನು ಸಿಕ್ಕಿತೆಂಬುದನ್ನೇ ಹೇಳಿದ್ದರು. ಇವರು ಮಾತ್ರ, ಅಂದು ಗಾಳಿ ಹೇಗಿರುತ್ತದೆಂದು ನೋಡಿ ಶನಿವಾರ ಸಂಜೆ ಖಚಿತಪಡಿಸುತ್ತೇನೆ ಎಂದರು. ಆ ಒಂದು ಮಾತಿಗಾಗಿಯೇ ಮುಂಗಡ ಕಳುಹಿಸಿದೆ.

ಪುಣೆಯಿಂದ ಸೊಲ್ಲಾಪುರದ ಹೆದ್ದಾರಿಯಲ್ಲಿ ಸುಮಾರು 100 ಕಿಲೋಮೀಟರ್ ಹೋದರೆ ಭಿಗವಣ ಸಿಗುತ್ತದೆ. ಚಳಿಗಾಲದಲ್ಲಿ ಜನ ಇಲ್ಲಿಗೆ ರಾಜಹಂಸಗಳನ್ನು ನೋಡಲು ಬರುತ್ತಾರೆ. ನನ್ನ ಊರು ಇಂಡಿ ತಾಲ್ಲೂಕಿನ ಭೀಮಾ ತೀರ. ಬಾಲ್ಯದಲ್ಲಿ ನಾವು ದಡದಲ್ಲಿ ಕೂತು ಗಾಳ ಹಾಕುತ್ತಿದ್ದ ಅದೇ ನದಿ ಇಲ್ಲಿ ಅಣೆಕಟ್ಟೆಗೆ ತಡೆದು ನಿಂತು ಸಮುದ್ರದಂತೆ ಹರಡಿಕೊಂಡಿದೆ. ಹರಿಯುವ ನದಿಯಲ್ಲಿ ಮಡುವನ್ನು ಹುಡುಕಿ ಕೂತರೆ ಬಾಳೆಮೀನು ತಾನಾಗಿ ಬರುತ್ತದೆ. ಇಷ್ಟು ವಿಶಾಲವಾದ ನಿಂತ ನೀರಿನಲ್ಲಿ ಅದು ಎಲ್ಲಿ ಬೇಕಾದರೂ ಇರಬಹುದಾದ್ದರಿಂದ, ಲಂಗರು ಹಾಕಿ ಒಂದೇ ಕಡೆ ಕಾಯುವ ಬದಲು ದೋಣಿಯನ್ನು ಗಾಳಿಗೆ ಬಿಟ್ಟು ಎರೆಯನ್ನು ತಳಕ್ಕೆ ತಾಗಿಸಿ ನಿಧಾನವಾಗಿ ಎಳೆದುಕೊಂಡು ಹೋಗುವ ತೇಲುಗಾಳವೇ ಸರಿಯಾದ ಕ್ರಮ. ದೋಣಿ ಗಂಟೆಗೆ ಒಂದು ಕಿಲೋಮೀಟರ್ ತೇಲಿದರೆ ಒಂದು ಗಂಟೆಯಲ್ಲಿ ನಾಲ್ಕು ಗಾಳಗಳು ಸೇರಿ ನಾಲ್ಕು ಕಿಲೋಮೀಟರ್ ತಳವನ್ನು ಸೋಸಿದಂತಾಗುತ್ತದೆ. ವೇಗ ಅದರ ಎರಡರಷ್ಟಾದರೆ ಸೀಸ ತಳ ಬಿಟ್ಟು ಮೇಲೇಳುತ್ತದೆ. ತೀರ ಕಡಿಮೆಯಾದರೆ ಗಾಳ ಕಲ್ಲಿನ ಸಂದಿಯಲ್ಲಿ ಕೂತುಬಿಡುತ್ತದೆ. ಈ ಮೀನುಗಾರಿಕೆಯ ಗುಟ್ಟೆಲ್ಲ ಈ ಒಂದು ವೇಗದಲ್ಲಿದೆ, ಮತ್ತು ಈ ಸೇವೆ ನಡೆಸುವವರು ಅದನ್ನು ಚೆನ್ನಾಗಿ ಬಲ್ಲರು.

ಬೆಳಗಿನ ಆರಕ್ಕೆ ನೀರು ಕನ್ನಡಿಯಂತೆ ನಿಂತಿತ್ತು. ಗಾಳಿ ಇಲ್ಲದ ಆ ಎರಡು ಗಂಟೆ ದೋಣಿಯ ಕಾಕಾ ಎಂಜಿನ್ ಹಚ್ಚದೆ ಹುಟ್ಟು ಹಾಕುತ್ತಲೇ ಹೋದರು. ಮೊಬೈಲಿನ ಜಿಪಿಎಸ್ ಪರದೆಯನ್ನು ಮುಂದಿಟ್ಟುಕೊಂಡು ವೇಗವನ್ನು ಗಂಟೆಗೆ 0.8 ಮತ್ತು 1.1 ಕಿಲೋಮೀಟರ್ ನಡುವೆ ಹಿಡಿದಿಟ್ಟರು. ಎಂಟು ದಾಟಿ ಗಾಳಿ ಎದ್ದ ಮೇಲೆ ದೋಣಿಯನ್ನು ಅಡ್ಡ ತಿರುಗಿಸಿ, ಗಾಳಿ ಬರುವ ಕಡೆಗೆ ಎರಡು ಡ್ರಿಫ್ಟ್ ಸಾಕ್‌ಗಳನ್ನು ನೀರಿಗೆ ಬಿಟ್ಟರು. ಡ್ರಿಫ್ಟ್ ಸಾಕ್ ಎಂದರೆ ಬಾಯಿ ಅಗಲವಾಗಿ ಬಾಲ ಕಿರಿದಾಗಿರುವ ಬಟ್ಟೆಯ ಚೀಲ. ನೀರು ತುಂಬಿಕೊಂಡು ದೋಣಿಯನ್ನು ಹಿಂದಕ್ಕೆ ಜಗ್ಗುತ್ತದೆ. ಇವರದು ತಾಡಪತ್ರಿಯ ಬಟ್ಟೆಯಲ್ಲಿ ಹೊಲಿಸಿದ್ದು, ಬಾಲಕ್ಕೆ ಬೇರೊಂದು ಹಗ್ಗ ಕಟ್ಟಿದ್ದು. ಮೀನು ಸಿಕ್ಕಾಗ ಆ ಹಗ್ಗ ಎಳೆದರೆ ಚೀಲ ಮಗುಚಿ ಖಾಲಿಯಾಗಿ ದಾರಕ್ಕೆ ತೊಡಕಾಗದಂತೆ ಮೇಲೆ ಬರುತ್ತದೆ. ದುಬಾರಿ ಸಾಮಾನಿಗಿಂತ ಈ ಚೀಲಕ್ಕೆ ನಾನು ಹೆಚ್ಚು ಬೆಲೆ ಕಟ್ಟುತ್ತೇನೆ.

ಗಾಳದ ಜೋಡಣೆಯನ್ನೂ ಮೆಚ್ಚಬೇಕು. ಉಜನಿಯ ತಳದಲ್ಲಿ ಮುಳುಗಿದ ಊರುಗಳ ಗೋಡೆಗಳಿವೆ, ಬಾವಿಗಳಿವೆ, ಹೊಲದ ಒಡ್ಡುಗಳಿವೆ. ನೀರು ಇಳಿದ ವರ್ಷಗಳಲ್ಲಿ ಪಳಸದೇವದ ಹಳೆಯ ದೇವಾಲಯ ಹೊರಗೆ ಕಾಣಿಸುತ್ತದೆ. ಸಾಮಾನ್ಯ ಸೀಸದ ಗುಂಡು ಇಂಥ ತಳದಲ್ಲಿ ಹತ್ತು ನಿಮಿಷವೂ ಉಳಿಯುವುದಿಲ್ಲ. ಇವರು ಬೂಟಿನ ಲೇಸಿನೊಳಗೆ ಸಣ್ಣ ಸೀಸದ ಕಾಳುಗಳನ್ನು ತುಂಬಿ ಎರಡೂ ತುದಿ ಕರಗಿಸಿ ಮುಚ್ಚಿದ್ದರು. ಅದು ಹಾವಿನಂತೆ ಬಳುಕಿ ಕಲ್ಲಿನ ಮೇಲೆ ಜಾರುತ್ತದೆ. ಗಾಳಕ್ಕೆ ಒಂದು ಗೇಣು ಮೊದಲು ಬೆರಳಿನಷ್ಟು ಬೆಂಡಿನ ತುಂಡೊಂದನ್ನು ಪೋಣಿಸಿದ್ದರಿಂದ ಎರೆ ತಳಕ್ಕಿಂತ ತುಸು ಮೇಲೆ ತೇಲುತ್ತಿತ್ತು. ಅಮೆರಿಕದ ದಕ್ಷಿಣ ಕ್ಯಾರೊಲಿನಾದವರು ತಮ್ಮ ಸ್ಯಾಂಟೀ ಕೂಪರ್ ಸರೋವರಗಳ ಹೆಸರಿಟ್ಟು ಕರೆಯುವ ಜೋಡಣೆ ಇದೇ. ಅಲ್ಲಿ ನೀಲಿ ಕ್ಯಾಟ್‌ಫಿಶ್‌ಗಾಗಿ, ಇಲ್ಲಿ ಬಾಳೆಮೀನಿಗಾಗಿ. ಎರೆಯಾಗಿ ಅಂದೇ ಬೆಳಗ್ಗೆ ಬಲೆಯಲ್ಲಿ ಸಿಕ್ಕ ಚಿಲಾಪಿಯ, ಅಂದರೆ ನಮ್ಮ ಕಡೆ ಜಿಲೇಬಿ ಎನ್ನುವ ಮೀನಿನ, ತಾಜಾ ಹೋಳುಗಳು.

ಒಂಬತ್ತೂವರೆ ಕಳೆದಿತ್ತು. ಮೂರನೆಯ ಕೋಲಿನ ತುದಿ ಎರಡು ಸಲ ಮೆಲ್ಲಗೆ ತಲೆ ಬಾಗಿಸಿ ನಿಂತಿತು. ನನ್ನ ಕೈ ತಾನಾಗಿ ಮುಂದೆ ಹೋದಾಗ ಕಾಕಾ "ಹಾತ್ ಲಾವೂ ನಕಾ" (ಕೈ ಹಚ್ಚಬೇಡಿ) ಎಂದು ತಡೆದರು. ಅವರು ಬಳಸುವುದು ತುದಿ ಒಳಕ್ಕೆ ಬಾಗಿದ ಸರ್ಕಲ್ ಗಾಳ. ಮೀನು ಎರೆ ನುಂಗಿ ತಿರುಗಿದಾಗ ಅದು ಜಾರಿ ಬಂದು ಬಾಯಿಯ ಮೂಲೆಯಲ್ಲಿ ತಾನೇ ನಾಟಿಕೊಳ್ಳುತ್ತದೆ, ಆತುರದಿಂದ ಜಗ್ಗಿದರೆ ಬಾಯಿಂದಲೇ ಹೊರಬರುತ್ತದೆ. ಮರುಕ್ಷಣ ಕೋಲು ನೀರಿನವರೆಗೆ ಬಾಗಿತು, ರೀಲು ಕಿರುಚಿತು. ಹನ್ನೆರಡು ನಿಮಿಷದ ಮೇಲೆ ಮೇಲಕ್ಕೆ ಬಂದ ಬಾಳೆಮೀನು ಟೇಪಿನಲ್ಲಿ 94 ಸೆಂಟಿಮೀಟರ್ ಇತ್ತು. ಪೊರೆಯಿಲ್ಲದ ಬೆಳ್ಳಿಯ ಮೈ, ಕಣ್ಣಿನ ಹಿಂದಿನವರೆಗೂ ಸೀಳಿದ ಬಾಯಿ, ಹಿಂದಕ್ಕೆ ಚಾಚಿದ ಉದ್ದನೆಯ ಎರಡು ಮೀಸೆ, ಗದ್ದದಲ್ಲಿ ಗಿಡ್ಡನೆಯ ಇನ್ನೆರಡು. ಗಾಳ ಹೇಳಿದ ಜಾಗದಲ್ಲಿಯೇ, ಬಾಯಿಯ ಬಲಮೂಲೆಯಲ್ಲಿ ಕೂತಿತ್ತು.

ಅಲ್ಲಿಂದ ಮುಂದಿನದನ್ನು ನಾನು ಒಪ್ಪಲಾರೆ. ಇಷ್ಟು ಜಾಣ್ಮೆಯಿಂದ ಹಿಡಿದ ಮೀನನ್ನು ಬಿಸಿಲಿಗೆ ಕಾದ ತಗಡಿನ ಮೇಲೆ ಮಲಗಿಸಿದರು. ತೂಕಕ್ಕೆಂದು ಕಿವಿರಿನೊಳಗೆ ಬೆರಳು ತೂರಿಸಿ ಎತ್ತಿ ಹಿಡಿದರು. ಪೊರೆಯಿಲ್ಲದ ಮೀನಿಗೆ ಮೈಮೇಲಿನ ಲೋಳೆಯೇ ರಕ್ಷಣೆ, ಅದು ತಗಡಿಗೆ ಅಂಟಿ ಹೋಗುತ್ತದೆ. ಕಿವಿರು ಹರಿದ ಮೀನನ್ನು ನೀರಿಗೆ ಬಿಟ್ಟರೂ ಅದು ಉಳಿಯುವುದು ಕಷ್ಟ. ಬಾಳೆಮೀನು ಇಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅಳಿವಿನ ಅಪಾಯವಿರುವ ಜೀವಿಗಳ ಸಾಲಿಗೆ ಸೇರಿದೆ. ನಾವು ಮೊದಲೇ ಮೀನನ್ನು ಮರಳಿ ಬಿಡುವುದಾಗಿ ತಿಳಿಸಿದ್ದೆವು; ಹಾಗಿದ್ದೂ ದೋಣಿಯಲ್ಲಿ ಒಂದು ಒದ್ದೆ ಗೋಣಿಯಾಗಲಿ ಗಾಳ ಬಿಡಿಸುವ ಇಕ್ಕಳವಾಗಲಿ ಇರಲಿಲ್ಲ. ನನ್ನ ಟವೆಲನ್ನೇ ನೀರಿನಲ್ಲಿ ಅದ್ದಿ ಹಾಸಿದೆವು. ಹೊಟ್ಟೆಯ ಕೆಳಗೆ ಕೈ ಕೊಟ್ಟು ನೀರಿನಲ್ಲಿ ಹಿಡಿದುಕೊಂಡಿದ್ದೆ. ನಾಲ್ಕೈದು ನಿಮಿಷದ ಮೇಲೆ ಬಾಲ ಬಡಿದು ನನ್ನ ಮುಂಗೈ ತೋಯಿಸಿ ಕೆಳಗಿಳಿಯಿತು.

ಎರಡನೆಯ ಲೋಪ ಇನ್ನೂ ದೊಡ್ಡದು. ಮೂವರಿಗೆ ಲೈಫ್ ಜಾಕೆಟ್ ಇದ್ದದ್ದು ಎರಡೇ, ಅದರಲ್ಲೊಂದರ ಜಿಪ್ಪು ಹರಿದಿತ್ತು. 2024ರ ಮೇ ತಿಂಗಳಲ್ಲಿ ಇದೇ ಹಿನ್ನೀರಿನಲ್ಲಿ ಬಿರುಗಾಳಿಗೆ ದೋಣಿ ಮಗುಚಿ ಆರು ಜನ ತೀರಿಕೊಂಡರು. ಗಾಳಿಯನ್ನೇ ನಂಬಿ ದೋಣಿಯನ್ನು ಅಡ್ಡ ಬಿಡುವ ಕೆಲಸದಲ್ಲಿ ಈ ಉದಾಸೀನಕ್ಕೆ ಯಾವ ಸಮಜಾಯಿಷಿಯೂ ಇಲ್ಲ.

ದಡದಲ್ಲಿ ಕೊಟ್ಟ ಭಾಕರಿ, ಚಿಲಾಪಿಯ ಸಾರು ರುಚಿಯಾಗಿದ್ದವು. ದಿನದ ಕೊನೆಗೆ ಇನ್ನೂ ಒಂದು ಸಣ್ಣ ಬಾಳೆ, ಬೆನ್ನ ಮೇಲೆ ಮುಳ್ಳಿರುವ ಒಂದು ಶಿಂಗಾಳಾ ಸಿಕ್ಕಿದ್ದವು. ಕೊಟ್ಟ ಹಣ ಹೆಚ್ಚೆನಿಸಲಿಲ್ಲ. ಹೊರಡುವಾಗ ಈ ಎರಡು ಲೋಪಗಳನ್ನು ಕಾಕಾ ಅವರ ಮುಂದೆಯೇ ಹೇಳಿದೆ. ಅವರು ವಾದಿಸಲಿಲ್ಲ, ಗೋಣಿ, ಇಕ್ಕಳ ನಾಳೆಯೇ ತರುತ್ತೇನೆ, ಜಾಕೆಟ್‌ಗೆ ಮಾಲೀಕರನ್ನು ಕೇಳಬೇಕು ಎಂದರು. ಮಾರ್ಚಿಗೆ ಮತ್ತೊಂದು ಬೆಳಗ್ಗೆ ಗೊತ್ತು ಮಾಡಿದ್ದೇನೆ. ಮೂರು ಜಾಕೆಟ್‌ಗಳ ಫೋಟೊ ಬಂದ ಮೇಲೆಯೇ ಮುಂಗಡ ಕಳುಹಿಸುವುದೆಂದು ಈ ಸಲ ಅವರಿಗೆ ತಿಳಿಸಿದ್ದೇನೆ.