ಕಠ್ಮಂಡುವಿನಲ್ಲಿ ಗಲಾಟೆ ಶುರುವಾದರೆ ಏರ್‌ಪೋರ್ಟ್ ದಾರಿಯನ್ನು ನಂಬಬೇಡಿ

ಮುಕ್ತಿನಾಥ, ಪಶುಪತಿನಾಥ ಅಂತ ಹೊರಟವರು ಇದನ್ನೊಮ್ಮೆ ಓದಿಕೊಂಡು ಹೋಗಿ. 2025ರ ಸೆಪ್ಟೆಂಬರ್‌ನಲ್ಲಿ ಜಾಲತಾಣ ನಿಷೇಧ, ಭ್ರಷ್ಟಾಚಾರದ ವಿರುದ್ಧ ಯುವಜನರು ಬೀದಿಗಿಳಿದು ನೇಪಾಳ ಹೊತ್ತಿ ಉರಿದಾಗ ಸಿಕ್ಕಿಹಾಕಿಕೊಂಡವರಲ್ಲಿ ಕನ್ನಡದವರೂ ಇದ್ದರು. ಜುಲೂಸಿನ ಹತ್ತಿರ ಹೋದವರಿಗೆ ಮಾತ್ರ ತೊಂದರೆ ಆಯಿತು ಅಂದುಕೊಳ್ಳಬೇಡಿ. ರೂಮಿನಲ್ಲಿದ್ದವರಿಗೆ, ಏರ್‌ಪೋರ್ಟಿಗೆ ಹೊರಟವರಿಗೆ, ಬಸ್ಸಿನಲ್ಲಿ ವಾಪಸಾಗುತ್ತಿದ್ದವರಿಗೆ ಎಲ್ಲರಿಗೂ ಆಯಿತು.

ಮೋಸ ಹೋಗುವುದು ಬೆಳಗಿನ ಹೊತ್ತಿನಲ್ಲಿ. 8ನೇ ತಾರೀಕು ಸೋಮವಾರ ಬೆಳಿಗ್ಗೆ ಕಠ್ಮಂಡು ನಡುವಿನ ಮೈತಿಘರ್ ವೃತ್ತದಲ್ಲಿ ಸೇರಿದವರಲ್ಲಿ ಶಾಲೆ-ಕಾಲೇಜಿನ ಸಮವಸ್ತ್ರದ ಹುಡುಗ ಹುಡುಗಿಯರೇ ಎಷ್ಟೋ ಮಂದಿ. ಕೈಯಲ್ಲಿ ಫಲಕ, ಬಾಯಲ್ಲಿ ಘೋಷಣೆ. ಯಾರಿಗಾದರೂ ನಿಂತು ವಿಡಿಯೋ ಮಾಡೋಣ ಅನ್ನಿಸುವ ಗುಂಪು. ಮಧ್ಯಾಹ್ನದ ಹೊತ್ತಿಗೆ ಅದೇ ಗುಂಪು ನ್ಯೂ ಬಾನೇಶ್ವರದ ಸಂಸತ್ ಭವನ ಮುಟ್ಟಿತ್ತು, ಕರ್ಫ್ಯೂ ಬಿತ್ತು, ಅಶ್ರುವಾಯು ಆಗಿ ಗುಂಡೂ ಹಾರಿತು. ಅವತ್ತೊಂದೇ ದಿನ 19 ಜನ ಸತ್ತರು. ಮರುದಿನ ಸರ್ಕಾರದ ಮುಖ್ಯ ಕಚೇರಿಗಳಿರುವ ಸಿಂಹ ದರ್ಬಾರ್, ಸಂಸತ್ತು, ಸುಪ್ರೀಂ ಕೋರ್ಟ್‌ಗೆ ಬೆಂಕಿ ಬಿತ್ತು, ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು, ವಿಮಾನ ನಿಲ್ದಾಣ ಬಂದ್ ಆಯಿತು. ಅದು ತೆರೆದದ್ದು 10ರ ಸಂಜೆ.

ಈಗ ನಕ್ಷೆ ತೆಗೆದು ನೋಡಿ. ಹೆಚ್ಚಿನ ಪ್ರವಾಸಿಗರು ಉಳಿಯುವುದು ಥಮೇಲ್‌ನಲ್ಲಿ. ಅಲ್ಲಿಂದ ಏರ್‌ಪೋರ್ಟಿಗೆ ಟ್ಯಾಕ್ಸಿಯವರು ಹಿಡಿಯುವ ಮಾಮೂಲಿ ದಾರಿ ರತ್ನಪಾರ್ಕ್, ಮೈತಿಘರ್, ನ್ಯೂ ಬಾನೇಶ್ವರ, ತಿನ್‌ಕುನೆ. ಅಂದರೆ ಪ್ರತಿಭಟನೆಯ ದಾರಿಯೂ ಏರ್‌ಪೋರ್ಟ್ ದಾರಿಯೂ ಒಂದೇ! ಅದೇ ವರ್ಷ ಮಾರ್ಚ್ 28ರಂದು ರಾಜಪ್ರಭುತ್ವ ಬೇಕೆಂದವರ ಗಲಾಟೆ ಆಗಿದ್ದೂ ಇದೇ ತಿನ್‌ಕುನೆಯಲ್ಲಿ. ಆದ್ದರಿಂದ ಮೈತಿಘರ್‌ನಲ್ಲಿ ಜನ ಸೇರುತ್ತಾರೆ ಅಂತ ಗೊತ್ತಾದ ದಿನ ಚಾಲಕನಿಗೆ ಮೊದಲೇ ಹೇಳಿ: ಕಮಲ್‌ಪೋಖರಿ, ಓಲ್ಡ್ ಬಾನೇಶ್ವರ, ಬತ್ತೀಸಪುತಲಿ, ಗೌಶಾಲಾ ಮೂಲಕ ಹೋಗಪ್ಪ ಅಂತ. ಅದಕ್ಕಿಂತ ಒಳ್ಳೆಯದು, ಹೊರಡುವ ಹಿಂದಿನ ರಾತ್ರಿ ಗೌಶಾಲಾ ಕಡೆ ರೂಮು ಹಿಡಿಯುವುದು. ಪಶುಪತಿನಾಥ ದೇವಸ್ಥಾನ, ಏರ್‌ಪೋರ್ಟ್ ಅಕ್ಕಪಕ್ಕವೇ ಇವೆ, ಬೇಕಾದರೆ ನಡೆದೂ ಹೋಗಬಹುದು. ಟೈರು ಸುಟ್ಟ ಹೊಗೆ ಎಲ್ಲ ದಿಕ್ಕಿನಿಂದ ಏಳುತ್ತಿದ್ದರೆ ಮಾತ್ರ ಯಾವ ದಾರಿಯೂ ಬೇಡ. ವಿಮಾನ ತಪ್ಪಿದರೆ ತಪ್ಪಲಿ.

ಕರ್ಫ್ಯೂ ಇದ್ದಾಗ ಸೇನೆಯವರು ಟಿಕೆಟ್ ಮತ್ತು ಪಾಸ್‌ಪೋರ್ಟ್ ನೋಡಿ ಪ್ರಯಾಣಿಕರನ್ನು ಏರ್‌ಪೋರ್ಟಿಗೆ ಬಿಟ್ಟರು. ಹಾಗಾಗಿ ಟಿಕೆಟ್ ಕಾಗದದಲ್ಲಿ ಪ್ರಿಂಟ್ ಆಗಿರಲಿ. ಚಾರ್ಜ್ ಇಲ್ಲದ ಮೊಬೈಲ್ ತೋರಿಸಿ ಪ್ರಯೋಜನವಿಲ್ಲ. ಗುರುತಿಗೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಬೇಕು. ಆಧಾರ್ ನಡೆಯುವುದು 15 ವರ್ಷಕ್ಕಿಂತ ಚಿಕ್ಕವರಿಗೆ, 65 ದಾಟಿದವರಿಗೆ ಮಾತ್ರ. ಇದನ್ನು ಎಷ್ಟು ಸಲ ಹೇಳಿದರೂ ಪ್ರತಿ ಗುಂಪಿನಲ್ಲಿ ಆಧಾರ್ ಒಂದನ್ನೇ ತರುವವರು ಒಬ್ಬರಾದರೂ ಇರುತ್ತಾರೆ.

ದೊಡ್ಡ ಹೋಟೆಲಾದರೆ ಭದ್ರ ಅನ್ನುವ ನಂಬಿಕೆಯೂ ಅವತ್ತು ಸುಟ್ಟುಹೋಯಿತು. ನಕ್ಸಾಲ್‌ನ ಹಿಲ್ಟನ್‌ಗೆ ಬೆಂಕಿ ಹಾಕಿದರು. ಇನ್ನೊಂದು ದೊಡ್ಡ ಹೋಟೆಲಿಗೆ ಬೆಂಕಿ ಬಿದ್ದಾಗ, ಮೇಲಿನ ಮಹಡಿಯ ಕಿಟಕಿಯಿಂದ ಬಟ್ಟೆ ಹಿಡಿದು ಇಳಿಯಲು ಹೋಗಿ ಭಾರತದಿಂದ ಹೋಗಿದ್ದ ಮಹಿಳೆಯೊಬ್ಬರು ಬಿದ್ದು ಪ್ರಾಣ ಬಿಟ್ಟರು. ಗುಂಪಿನ ಸಿಟ್ಟು ತಿರುಗುವುದು ದುಡ್ಡು, ಅಧಿಕಾರ ಎದ್ದು ಕಾಣುವ ಕಟ್ಟಡಗಳ ಮೇಲೆ. ಗಲ್ಲಿಯ ಒಳಗಿನ ಸಣ್ಣ ಹೋಟೆಲು, ಎರಡನೆಯದೋ ಮೂರನೆಯದೋ ಮಹಡಿ, ರಸ್ತೆಗೆ ಬೆನ್ನು ಹಾಕಿದ ರೂಮು ಸಾಕು. ಬೀಗದ ಕೈ ಸಿಕ್ಕ ತಕ್ಷಣ ಒಮ್ಮೆ ಮೆಟ್ಟಿಲಿಳಿದು ಅಡುಗೆಮನೆ ಕಡೆಯ ಹಿಂಬಾಗಿಲು ಎಲ್ಲಿದೆ ನೋಡಿಕೊಳ್ಳಿ. ನಿಮ್ಮ ರೂಮಿನಿಂದ ಮೆಟ್ಟಿಲಿಗೆ ಎಷ್ಟು ಬಾಗಿಲು ದಾಟಬೇಕು ಅಂತ ಎಣಿಸಿ. ಹೊಗೆಯಲ್ಲಿ ಕಣ್ಣು ಕಾಣುವುದಿಲ್ಲ, ಗೋಡೆ ಸವರಿಕೊಂಡೇ ಹೋಗಬೇಕು. ಗೇಟಿನ ಮುಂದೆ ಜನ ಸೇರಿದರೆ ಬೆಂಕಿಗೆ ಕಾಯದೆ ಹಿಂದಿನಿಂದ ಹೊರಬೀಳಿ. ಲಿಫ್ಟ್ ಬೇಡವೇ ಬೇಡ. ರೂಮಿನ ಹೊರಗಿನ ಕಾರಿಡಾರ್‌ನಲ್ಲಿ ಆಗಲೇ ಹೊಗೆ ತುಂಬಿದ್ದರೆ ಬಾಗಿಲು ಮುಚ್ಚಿ, ಒದ್ದೆ ಟವೆಲ್ ಸಂದಿಗೆ ತುರುಕಿ, ಎಸಿ ಆರಿಸಿ, ಕಿಟಕಿಯಲ್ಲಿ ಬಟ್ಟೆ ಬೀಸಿ. ಹಾಸಿಗೆ ಬಟ್ಟೆಗೆ ಗಂಟು ಹಾಕಿ ಇಳಿಯುವ ಸಾಹಸ ಬೇಡ. ಆ ಗಂಟು ದೇಹದ ಭಾರ ತಡೆಯುವುದಿಲ್ಲ, ಕೈಯೂ ಜಾರುತ್ತದೆ.

ಮೊಬೈಲ್ ವಿಚಾರ. ಸೆಪ್ಟೆಂಬರ್ 4ರಂದು ಸರ್ಕಾರ ನಿಷೇಧಿಸಿದ 26 ಜಾಲತಾಣಗಳಲ್ಲಿ ವಾಟ್ಸ್ಆ್ಯಪ್ ಕೂಡ ಇತ್ತು. ನಮ್ಮ ಯಾತ್ರಾ ಗುಂಪುಗಳು ಬದುಕುವುದೇ ವಾಟ್ಸ್ಆ್ಯಪ್ ಮೇಲೆ ತಾನೇ? ಅಂಥದ್ದೇ ಇನ್ನೊಂದು ಆ್ಯಪ್ ವೈಬರ್ ನೇಪಾಳ ಸರ್ಕಾರದಲ್ಲಿ ನೋಂದಣಿ ಆಗಿದ್ದರಿಂದ ನಿಷೇಧದಿಂದ ಹೊರಗಿತ್ತು. ಇನ್ನೊಂದು ಉಪಾಯ: ರೋಮಿಂಗ್ ಡೇಟಾ ಸಾಮಾನ್ಯವಾಗಿ ನಮ್ಮ ದೇಶದ ಕಂಪನಿ ಮೂಲಕವೇ ಹಾದುಹೋಗುತ್ತದೆ, ಅಲ್ಲಿನ ತಡೆ ಅದಕ್ಕೆ ತಟ್ಟದೇ ಇರಬಹುದು. ಗುಂಪಿನಲ್ಲಿ ಇಬ್ಬರಾದರೂ ಭಾರತದ ಸಿಮ್‌ಗೆ ರೋಮಿಂಗ್ ಪ್ಯಾಕ್ ಹಾಕಿಸಿರಲಿ. ಕಠ್ಮಂಡುವಿನ ನಕ್ಷೆ ಊರಲ್ಲೇ ಡೌನ್‌ಲೋಡ್ ಆಗಿರಲಿ. ಲೈನ್‌ಚೌರ್‌ನ ಭಾರತೀಯ ರಾಯಭಾರ ಕಚೇರಿಯ ನಂಬರು, ಪ್ರವಾಸಿ ಪೊಲೀಸರ 1144, ಹೋಟೆಲ್ ವಿಳಾಸ ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿ.

ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಐದು ದಿನಕ್ಕೆ ಹೆಚ್ಚಿಗೆ ಇರಲಿ, ನೇಪಾಳಿ ರೂಪಾಯಿ ನಗದಾಗಿ ಎಂಟು-ಹತ್ತು ಸಾವಿರ. ನಮ್ಮ 100ಕ್ಕೆ ಅಲ್ಲಿನ 160.

ಅಶ್ರುವಾಯು ಬಂದರೆ ಕಣ್ಣು ಉಜ್ಜಬೇಡಿ. ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ, ತಗ್ಗಿನಿಂದ ಎತ್ತರಕ್ಕೆ ಸರಿಯಿರಿ, ಆಮೇಲೆ ಬರೀ ನೀರಿನಿಂದ ತೊಳೆಯಿರಿ. ಲೆನ್ಸ್ ಹಾಕುವವರು ಅಂಥ ದಿನ ಕನ್ನಡಕವನ್ನೇ ಹಾಕಿ.

ವಿಮಾನ ಇಲ್ಲ ಅಂತ ಬಸ್ಸು ಹಿಡಿದು ಗಡಿಗೆ ಓಡುವುದು ಎಲ್ಲಕ್ಕಿಂತ ಕೆಟ್ಟ ಯೋಚನೆ. ಪಶುಪತಿನಾಥ ದರ್ಶನ ಮುಗಿಸಿ ಸೋನೌಲಿ ಗಡಿ ಕಡೆ ಬರುತ್ತಿದ್ದ ಯಾತ್ರಿಕರ ಬಸ್ಸಿಗೆ ಕಲ್ಲು ಹೊಡೆದು ಸಾಮಾನು ದೋಚಿದ್ದು ಆ ದಿನಗಳಲ್ಲೇ. ಜೈಲುಗಳಿಂದ ಸಾವಿರಾರು ಕೈದಿಗಳು ತಪ್ಪಿಸಿಕೊಂಡಿದ್ದೂ ಆಗಲೇ. ರಾತ್ರಿ ಹೆದ್ದಾರಿ ಬೇಡ.

ಗಾಬರಿಯಲ್ಲಿ ಟಿಕೆಟನ್ನು ನೀವೇ ರದ್ದು ಮಾಡಬೇಡಿ. ಹಾಗೆ ಮಾಡಿದರೆ ದುಡ್ಡು ಕಡಿದುಕೊಳ್ಳುತ್ತಾರೆ. ವಿಮಾನದವರೇ ರದ್ದು ಮಾಡುವ ತನಕ ಕಾಯ್ದರೆ ಪೂರ್ತಿ ಹಣ ಕೇಳುವ ಹಕ್ಕು ನಿಮ್ಮದು, ಅಥವಾ ಬೇರೆ ದಿನಕ್ಕೆ ಹಾಕಿಸಿಕೊಳ್ಳಿ.