ಪಾಕೆಟ್ ಹೊಸ ಒಡಂಬಡಿಕೆ: ವಾರ್ಡಿಗೆ ಸಾಕು, ಜೈಲಿಗೆ ಸಾಲದು

ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ರೋಗಿಗಳನ್ನು ನೋಡಲು ಹೋಗುವ ಕ್ರೈಸ್ತ ಸಭೆಯವರು ಜೇಬಿಗೆ ಹಾಕಿಕೊಳ್ಳುವುದು ಪಾಕೆಟ್ ಹೊಸ ಒಡಂಬಡಿಕೆಯನ್ನು, ಅಂದರೆ ಸತ್ಯವೇದದ (ಬೈಬಲಿನ) ಎರಡನೇ ಭಾಗವನ್ನು. ಮೊದಲ ಭಾಗವಾದ ಹಳೆ ಒಡಂಬಡಿಕೆಯಿಂದ ಇದರಲ್ಲಿ ಸೇರಿರುವುದು ಕೀರ್ತನೆಗಳೆಂಬ ಪ್ರಾರ್ಥನಾ ಗೀತೆಗಳು ಮಾತ್ರ. ಹಗುರ, ಅಗ್ಗ, ಮಂಚದ ಪಕ್ಕ ನಿಂತು ಒಂದೇ ಕೈಯಲ್ಲಿ ಹಿಡಿದು ಓದಬಹುದು. ಅಕ್ಷರ ಮಾತ್ರ ತೀರಾ ಸಣ್ಣದು. ರಾತ್ರಿ ವಾರ್ಡಿನ ಮಂಕು ಬೆಳಕಿನಲ್ಲಿ ಒತ್ತಕ್ಷರಗಳು ಕಲಸಿಹೋಗುತ್ತವೆ.

ಹೆಚ್ಚು ಉಪಯೋಗಕ್ಕೆ ಬರುವುದು 107ನೇ ಕೀರ್ತನೆ. ಅದರಲ್ಲಿ ನಾಲ್ಕು ಬಗೆಯ ಸಂಕಟ ಬರುತ್ತದೆ: ಮರುಭೂಮಿಯಲ್ಲಿ ದಾರಿ ತಪ್ಪಿದವರು, ಬೇಡಿ ಬಿದ್ದವರು, ಕಾಯಿಲೆ ಬಿದ್ದವರು, ಕಡಲಿನ ಬಿರುಗಾಳಿಗೆ ಸಿಕ್ಕವರು. ನಾಲ್ಕೂ ಕಡೆ ಮೊರೆ, ಅದರ ಹಿಂದೆಯೇ ಬಿಡುಗಡೆ. ಕೈದಿಗಳಿಗೆ 10ರಿಂದ 16ನೇ ವಚನ, ರೋಗಿಗಳಿಗೆ 17ರಿಂದ 22. ಎಡವುವುದು ಇಲ್ಲೇ. 11 ಮತ್ತು 17ನೇ ವಚನಗಳು ಸಂಕಟಕ್ಕೆ ಅವರ ದ್ರೋಹವೇ ಕಾರಣ ಎನ್ನುತ್ತವೆ. ಡ್ರಿಪ್ ಹಾಕಿಸಿಕೊಂಡು ಮಲಗಿದವರ ಮುಂದೆ ಅದನ್ನೇ ಮೊದಲು ಓದಿದರೆ ಸಾಂತ್ವನ ಹೋಗಿ ಆಪಾದನೆಯಾಗುತ್ತದೆ. ರೋಗಿಗೆ 18ರಿಂದ ಶುರುಮಾಡಿ, ಊಟ ಕಂಡರೆ ಅಸಹ್ಯವಾಗುವ ಮಾತು ಅಲ್ಲೇ ಇದೆ. ತೀರ್ಪೇ ಬರದ ವಿಚಾರಣಾಧೀನ ಕೈದಿಗೆ 13ರಿಂದ.

ಆದರೆ ಜೈಲು ಭೇಟಿಗೆ ಈ ಪುಸ್ತಕ ಸಾಲದು. ನಜರೇತಿನಲ್ಲಿ ಯೇಸು ಓದಿದ, ಸೆರೆಯವರಿಗೆ ಬಿಡುಗಡೆ ಸಾರುವ ಮಾತು ಲೂಕನ ಸುವಾರ್ತೆಯ 4:18ರಲ್ಲಿದೆ (4ನೇ ಅಧ್ಯಾಯ, 18ನೇ ವಚನ). ಅದರ ಮೂಲ, ಹಳೆ ಒಡಂಬಡಿಕೆಯ ಪ್ರವಾದಿ ಯೆಶಾಯನ ಪುಸ್ತಕದ 61ನೇ ಅಧ್ಯಾಯ, ಇದರಲ್ಲಿಲ್ಲ. ಯೆಶಾಯನಲ್ಲಿ ಮುಂದೆ ಬರುವ ಮುಯ್ಯಿ ತೀರಿಸುವ ದಿನದ ಮಾತಿಗೆ ಮುಂಚೆಯೇ ಯೇಸು ಓದು ನಿಲ್ಲಿಸಿದ್ದು ಎರಡನ್ನೂ ಪಕ್ಕದಲ್ಲಿಟ್ಟುಕೊಂಡರೆ ಮಾತ್ರ ಕಾಣುತ್ತದೆ. ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಬಿಟ್ಟಿ ದುಡಿಯುತ್ತಿದ್ದವರ ಗೋಳು ಕೇಳಿ ದೇವರೇ ಇಳಿದು ಬರುವ ವಿಮೋಚನಕಾಂಡ 3:7-8 ಕೂಡ ಹಳೆ ಒಡಂಬಡಿಕೆಯದು, ಇದರಲ್ಲಿ ಇಲ್ಲ. ಅದೇ ಕಾಂಡದ 22:26-27 ಅಂತೂ ನಮ್ಮ ಕಡೆ ವಿವರಣೆಯೇ ಬೇಡದ ಭಾಗ: ಗಿರವಿ ಇಟ್ಟುಕೊಂಡ ಹೊದಿಕೆಯನ್ನು ಹೊತ್ತು ಮುಳುಗುವುದರೊಳಗೆ ಹಿಂದಕ್ಕೆ ಕೊಡಬೇಕು, ಇಲ್ಲವಾದರೆ ಅವನು ಏನು ಹೊದ್ದು ಮಲಗಿಯಾನು? ಸಾಲಕ್ಕೆ ಸಿಕ್ಕ ಮನೆಯವರಿಗೆ ಇದಕ್ಕಿಂತ ಹತ್ತಿರದ ಮಾತು ಸಿಗುವುದು ಕಷ್ಟ.

ಪಾಕೆಟ್ ಪುಸ್ತಕವೊಂದೇ ಕೈಯಲ್ಲಿದ್ದರೆ ಎಲ್ಲರೂ ತಿರುಗಿಸುವುದು ಅಪೊಸ್ತಲರ ಕೃತ್ಯಗಳು 12ಕ್ಕೆ: ಸೆರೆಯಲ್ಲಿದ್ದ ಯೇಸುವಿನ ಶಿಷ್ಯ ಪೇತ್ರನ ಸರಪಳಿ ಕಳಚಿ ಬಿತ್ತು. ಅದೇ ಅಧ್ಯಾಯದ ಎರಡನೇ ವಚನದಲ್ಲಿ ಇನ್ನೊಬ್ಬ ಶಿಷ್ಯ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಲಾಗಿದೆ. ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೋಹಾನ ಸೆರೆಯಿಂದ ಜೀವಂತ ಹೊರಬರಲೇ ಇಲ್ಲ. ಜಾಮೀನು ಸಿಕ್ಕೇ ಸಿಗುತ್ತದೆಂಬ ಆಸೆ ಹುಟ್ಟಿಸಿ ಎದ್ದು ಬರುವುದು ಕೈದಿಗೆ ಮಾಡುವ ಅನ್ಯಾಯ. ಜೊತೆಗೆ 88ನೇ ಕೀರ್ತನೆ ಓದಿ. ಅದು ಕತ್ತಲಲ್ಲೇ ಮುಗಿಯುತ್ತದೆ, ಆದರೂ ಮಾತೆಲ್ಲ ದೇವರ ಜೊತೆಯೇ.

ಆಸ್ಪತ್ರೆಗೆ ಐದಕ್ಕೆ ನಾಲ್ಕು ಅಂಕ, ಜೈಲಿಗೆ ಎರಡು. ಜೈಲಿಗಾದರೆ ಅಡ್ಡ ಉಲ್ಲೇಖಗಳಿರುವ (ಸಂಬಂಧಪಟ್ಟ ಬೇರೆ ವಚನಗಳನ್ನು ತೋರಿಸುವ), ದಪ್ಪ ಅಕ್ಷರದ ಪೂರ್ಣ ಸತ್ಯವೇದವನ್ನೇ ಕೊಳ್ಳಿ. ಒಳಗೆ ಒಯ್ಯಲು ಅನುಮತಿಯನ್ನು ಮೊದಲೇ ಕೇಳಿ. ಹಾಳೆ ತೆಳು, ಜೆಲ್ ಪೆನ್ನಿನ ಶಾಯಿ ಹಿಂದಕ್ಕೆ ಇಳಿಯುತ್ತದೆ, ಪೆನ್ಸಿಲಿನಲ್ಲಿ ಗುರುತು ಹಾಕಿ. ಪುಟಗಳ ನಡುವೆ ಚೀಟಿ ಇಡಬೇಡಿ, ತಪಾಸಣೆಯಲ್ಲಿ ಒಂದೊಂದನ್ನೂ ಬಿಡಿಸಿ ನೋಡಿಯಾರು.