ಸ್ಕ್ಯಾನ್ ಮಾಡಿದ ಹಾಳೆಯ ಬಾರ್‌ಕೋಡ್ ಓದಲು ಝೆಡ್‌ಬಾರ್ ಸಾಕಾ, ಝೆಡ್‌ಎಕ್ಸಿಂಗ್ ಸಿಪಿಪಿ ಬೇಕಾ?

ಎರಡೂ ಚಿತ್ರದಲ್ಲಿರುವ ಬಾರ್‌ಕೋಡ್ ಓದುವ ಓಪನ್ ಸೋರ್ಸ್ ಸಾಫ್ಟ್‌ವೇರ್‌ಗಳು. ನನ್ನ ವೋಟು ಝೆಡ್‌ಎಕ್ಸಿಂಗ್ ಸಿಪಿಪಿಗೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಝೆಡ್‌ಬಾರ್ ಬಗ್ಗೆ ದೂರು ಜಾಸ್ತಿ ಕಾಣಿಸುತ್ತದೆ, ಆದರೆ ಅದು ಕೆಟ್ಟ ಸಾಫ್ಟ್‌ವೇರ್ ಅಲ್ಲವೇ ಅಲ್ಲ. ವೆಬ್‌ಕ್ಯಾಮ್ ಮುಂದೆ ಹಿಡಿದ ಬಾರ್‌ಕೋಡ್ ಓದಿಸಲು ಈಗಲೂ ಅದನ್ನೇ ಬಳಸುತ್ತೇನೆ. ಕ್ಯಾಮೆರಾ ಒಂದು ಸೆಕೆಂಡಿಗೆ ಹತ್ತಾರು ಚಿತ್ರ ಕೊಡುತ್ತದೆ. ಒಂದರಲ್ಲಿ ತಪ್ಪಿದರೆ ಮುಂದಿನದರಲ್ಲಿ ಸಿಗುತ್ತದೆ. ಸ್ಕ್ಯಾನ್ ಮಾಡಿದ ಹಾಳೆಗೆ ಆ ಭಾಗ್ಯ ಇಲ್ಲ. ಇರುವುದು ಒಂದೇ ಚಿತ್ರ, ಅದರಲ್ಲೇ ಸರಿಯಾಗಿ ಓದಬೇಕು.

ನನ್ನ ಕೆಲಸ ಇಷ್ಟು: ಕಾಗದದ ಫಾರಂಗಳನ್ನು ಸ್ಕ್ಯಾನ್ ಮಾಡಿ, ಪ್ರತಿ ಫಾರಂನ ಮೇಲ್ತುದಿಯಲ್ಲಿರುವ ಕೋಡ್ 128 ಎಂಬ ಬಗೆಯ ಪಟ್ಟಿ ಬಾರ್‌ಕೋಡ್ ಓದಿ, ಆ ನಂಬರನ್ನೇ ಫೈಲಿಗೆ ಹೆಸರಾಗಿ ಇಡಬೇಕು. ಕೆಲವು ಹಾಳೆಗಳಲ್ಲಿ ಕ್ಯೂಆರ್ ಕೋಡ್ ಕೂಡ ಇದೆ. ದುಡ್ಡು ಕೊಟ್ಟು ಕೊಳ್ಳುವ ಲೈಬ್ರರಿಗಳೂ (ನಮ್ಮ ಪ್ರೋಗ್ರಾಂಗೆ ಸೇರಿಸಿಕೊಳ್ಳುವ ಸಿದ್ಧ ಭಾಗಗಳು) ಸಿಗುತ್ತವೆ. ವರ್ಷ ವರ್ಷ ಲೈಸೆನ್ಸ್ ಹಣ ಕಟ್ಟುವಷ್ಟು ಬಜೆಟ್ ನನ್ನ ಬಳಿ ಇಲ್ಲ. ಹಾಗಾಗಿ ಓಪನ್ ಸೋರ್ಸ್ ಮಾತ್ರ.

ಯಾರಾದರೂ "ಬಾರ್‌ಕೋಡ್ ಓದ್ತಾನೇ ಇಲ್ಲ" ಎಂದರೆ ನಾನು ಮೊದಲು ಕೇಳುವ ಪ್ರಶ್ನೆ, ಪಿಡಿಎಫ್ ಕೊಟ್ಟಿರಾ? ಝೆಡ್‌ಬಾರ್‌ನ ಕಮಾಂಡ್‌ಲೈನ್ ಟೂಲ್ ಚಿತ್ರ ತೆರೆಯುವ ಕೆಲಸವನ್ನು ಸಾಮಾನ್ಯವಾಗಿ ಇಮೇಜ್‌ಮ್ಯಾಜಿಕ್ ಎಂಬ ಇನ್ನೊಂದು ಸಾಫ್ಟ್‌ವೇರ್‌ಗೆ ಬಿಡುತ್ತದೆ. ನಾವು ಬೇರೆ ಹೇಳದಿದ್ದರೆ ಇಮೇಜ್‌ಮ್ಯಾಜಿಕ್ ಪಿಡಿಎಫ್ ಪುಟವನ್ನು ಇಂಚಿಗೆ 72 ಪಿಕ್ಸೆಲ್ ಲೆಕ್ಕದಲ್ಲಿ ಚಿತ್ರ ಮಾಡುತ್ತದೆ. ಸ್ಕ್ಯಾನರ್ 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ, ತೆಗೆದಿದ್ದರೂ ಅಷ್ಟೇ. 0.33 ಮಿ.ಮೀ. ಅಗಲದ ಸಣ್ಣ ಗೆರೆ 300 ಡಿಪಿಐನಲ್ಲಿ ಸುಮಾರು 4 ಪಿಕ್ಸೆಲ್ ಇರುತ್ತದೆ. 72ಕ್ಕೆ ಇಳಿದರೆ ಒಂದು ಪಿಕ್ಸೆಲ್ ಕೂಡ ಪೂರ್ತಿ ಉಳಿಯುವುದಿಲ್ಲ. ಹೀಗಾದ ಮೇಲೆ ಯಾವ ಸಾಫ್ಟ್‌ವೇರ್ ತಾನೇ ಓದೀತು? ಪಾಪ್ಲರ್ ಎಂಬ ಪಿಡಿಎಫ್ ಸಾಫ್ಟ್‌ವೇರ್ ಜೊತೆ ಬರುವ ಪಿಡಿಎಫ್‌ಟುಪಿಪಿಎಂ ಟೂಲ್‌ನಲ್ಲಿ ರೆಸಲ್ಯೂಶನ್ 300 ಎಂದು ಕೊಟ್ಟು, ಗ್ರೇ (ಬೂದು ಛಾಯೆಗಳ) ಚಿತ್ರವಾಗಿ ತೆಗೆದುಕೊಂಡರೆ ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ. ಅದೇ ಪಾಪ್ಲರ್‌ನ ಪಿಡಿಎಫ್‌ಇಮೇಜಸ್ ಟೂಲ್ ಇನ್ನೂ ಒಳ್ಳೆಯದು. ಸ್ಕ್ಯಾನರ್ ಒಳಗೆ ಇಟ್ಟ ಮೂಲ ಚಿತ್ರವನ್ನೇ ಅದು ಹೊರಗೆ ತೆಗೆದುಕೊಡುತ್ತದೆ. ಕೆಲವು ಸ್ಕ್ಯಾನರ್‌ಗಳು ಫೈಲ್ ಚಿಕ್ಕದಾಗಲಿ ಎಂದು ಪುಟವನ್ನು ಪದರ ಪದರವಾಗಿ ಸೀಳಿ ಇಟ್ಟಿರುತ್ತವೆ. ಆಗ ಹೊರಬರುವುದು ಬರೀ ತುಂಡುಗಳು, ಅಂಥ ಫೈಲಿಗೆ ಮೊದಲಿನ ಟೂಲೇ ಸರಿ.

ಇಮೇಜ್‌ಮ್ಯಾಜಿಕ್ ಪಿಡಿಎಫ್ ತೆರೆಯುವುದನ್ನು ಉಬುಂಟು, ಡೆಬಿಯನ್‌ನಂಥ ಲಿನಕ್ಸ್‌ಗಳಲ್ಲಿ ಸುರಕ್ಷತೆಯ ಕಾರಣಕ್ಕೆ ಅದರ ಪಾಲಿಸಿ ಫೈಲ್‌ನಲ್ಲೇ ತಡೆದಿರುವುದುಂಟು. ಆಗ ಬರುವ ಎರರ್‌ಗೂ ಬಾರ್‌ಕೋಡ್‌ಗೂ ಸಂಬಂಧವೇ ಇಲ್ಲ.

ಝೆಡ್‌ಎಕ್ಸಿಂಗ್ ಸಿಪಿಪಿಯ ಕಮಾಂಡ್‌ಲೈನ್ ಟೂಲ್ ಪಿಡಿಎಫ್ ತೆರೆಯುವುದೇ ಇಲ್ಲ, ಸ್ಕ್ಯಾನರ್‌ಗಳು ಕೊಡುವ ಟಿಫ್ ಎಂಬ ಬಗೆಯ ಚಿತ್ರದ ಫೈಲ್ ಕೂಡ ಇಲ್ಲ. ಸ್ಕ್ಯಾನ್ ಕೆಲಸಕ್ಕೆ ಇದು ಕೊರತೆಯೇ. ಆದರೂ ನನಗೆ ಇದು ಇಷ್ಟ. ಆಗಲ್ಲ ಅಂದರೆ ಆಗಲ್ಲ ಎಂದು ಮುಖಕ್ಕೇ ಹೇಳುತ್ತದೆ. ಸದ್ದಿಲ್ಲದೆ 72ಕ್ಕೆ ಇಳಿಸಿ "ಏನೂ ಸಿಗಲಿಲ್ಲ" ಅನ್ನುವುದಕ್ಕಿಂತ ಇದು ವಾಸಿ. ಪೈಥಾನ್ ಭಾಷೆಯಲ್ಲಿ ಬಳಸಿದರೆ ಪಿಲ್ಲೋ ಎಂಬ ಚಿತ್ರದ ಲೈಬ್ರರಿ ಟಿಫ್ ತೆರೆದುಕೊಡುತ್ತದೆ, ಅದನ್ನು ಗ್ರೇಗೆ ಬದಲಿಸಿ ಕೊಟ್ಟರಾಯಿತು. ಒಂದೇ ಟಿಫ್‌ನಲ್ಲಿ ಹಲವು ಪುಟ ಇರಬಹುದು, ಪುಟ ಪುಟ ಬೇರೆ ಮಾಡಿ ಕೊಡಬೇಕು.

ಈಗ ನನ್ನನ್ನು ನಿಜಕ್ಕೂ ಕಾಡಿದ ವಿಷಯಕ್ಕೆ ಬರುತ್ತೇನೆ. ಓದದೇ ಇರುವುದಲ್ಲ, ಇಲ್ಲದ್ದನ್ನು ಓದುವುದು.

ಹಾಳೆಯ ಮೇಲೆ ಇರುವುದು ಒಂದೇ ಬಾರ್‌ಕೋಡ್. ಝೆಡ್‌ಬಾರ್ ಎರಡು ಸಾಲು ಉತ್ತರ ಕೊಡುತ್ತದೆ. ಒಂದು ಸರಿಯಾದ ಕೋಡ್ 128. ಇನ್ನೊಂದು, ಇಂಟರ್‌ಲೀವ್ಡ್ 2 ಆಫ್ 5 ಎಂಬ ಬಗೆಯ ಆರಂಕಿಯ ನಂಬರು. ಹಾಳೆಯನ್ನು ಎಷ್ಟು ಹುಡುಕಿದರೂ ಆ ನಂಬರು ಎಲ್ಲೂ ಇಲ್ಲ! ಎರಡೂ ಬಂದರೆ ಹೇಗೋ ಗೊತ್ತಾಗುತ್ತದೆ. ಅಪಾಯ ಇರುವುದು ನಿಜವಾದ ಬಾರ್‌ಕೋಡ್ ಮಸುಕಾಗಿ ತಪ್ಪಿಹೋಗಿ, ಈ ಸುಳ್ಳು ನಂಬರು ಮಾತ್ರ ಬಂದಾಗ. ಸ್ಕ್ರಿಪ್ಟ್ ಅದನ್ನೇ ನಂಬುತ್ತದೆ. ಫೈಲಿಗೆ ಆ ಹೆಸರು ಬೀಳುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಮುಂದೆ ಯಾರಾದರೂ ಆ ಫಾರಂ ಕೇಳಿದಾಗಲೇ ಅದು ಕಾಣೆಯಾಗಿದೆ ಎಂದು ತಿಳಿಯುವುದು. ಓದಲಾಗದ ಹಾಳೆಯಾದರೆ ಪಕ್ಕಕ್ಕಿಟ್ಟು ಕೈಯಲ್ಲಿ ಟೈಪ್ ಮಾಡಬಹುದು. ತಪ್ಪು ಹೆಸರಿನ ಹಾಳೆಯನ್ನು ಎಲ್ಲಿ ಅಂತ ಹುಡುಕೋದು?

ಇದು ಎಲ್ಲಿಂದ ಬರುತ್ತದೆ ಎಂದು ಬೆನ್ನು ಹತ್ತಿದಾಗ ಸಿಕ್ಕಿದ್ದು ಫಾರಂನ ಕೋಷ್ಟಕ. ಝೆಡ್‌ಬಾರ್ ಚಿತ್ರದ ಮೇಲೆ ಅಡ್ಡಡ್ಡ, ಉದ್ದುದ್ದ ಗೆರೆ ಎಳೆಯುತ್ತಾ ಹೋಗಿ, ಆ ದಾರಿಯಲ್ಲಿ ಸಿಗುವ ಕಪ್ಪು ಬಿಳಿ ಪಟ್ಟಿಗಳ ಅಗಲವನ್ನು ಅಳೆಯುತ್ತದೆ. ಇಂಟರ್‌ಲೀವ್ಡ್ 2 ಆಫ್ 5ರ ಆರಂಭದ ಗುರುತು ತುಂಬಾ ಸರಳ. ಸಣ್ಣ ಕಪ್ಪು, ಸಣ್ಣ ಬಿಳಿ, ಸಣ್ಣ ಕಪ್ಪು, ಸಣ್ಣ ಬಿಳಿ, ಅಷ್ಟೇ. ಸಮ ಅಂತರದ ಪಟ್ಟಿಗಳು, ಒತ್ತೊತ್ತಾಗಿ ಅಚ್ಚಾದ ಅಕ್ಷರಗಳು, ಛಾಯೆ ತುಂಬಿದ ಚೌಕಗಳು, ಯಾವುದು ಬೇಕಾದರೂ ಹಾಗೆ ಕಾಣಬಹುದು. ಮೇಲಾಗಿ ಈ ಬಗೆಯಲ್ಲಿ ಚೆಕ್ ಡಿಜಿಟ್ (ಓದು ಸರಿಯೇ ಎಂದು ತಾಳೆ ನೋಡುವ ಅಂಕಿ) ಕಡ್ಡಾಯ ಇಲ್ಲ. ಕೋಡ್ 128 ಆಗಿದ್ದರೆ ಕೊನೆಯಲ್ಲಿ 103ರಿಂದ ಭಾಗಿಸಿ ಶೇಷ ನೋಡುವ ಲೆಕ್ಕ ಇದೆ, ತಪ್ಪು ಓದು ಅಲ್ಲೇ ಬಿದ್ದುಹೋಗುತ್ತದೆ. ಇಲ್ಲಿ ಆ ಕಾವಲುಗಾರನೇ ಇಲ್ಲ. ಕೋಡ್ 39 ಎಂಬ ಇನ್ನೊಂದು ಪಟ್ಟಿ ಬಗೆಯಲ್ಲೂ ಚೆಕ್ ಕಡ್ಡಾಯವಲ್ಲ, ಅಲ್ಲೂ ಹುಷಾರಾಗಿರಬೇಕು. ಇಂಟರ್‌ಲೀವ್ಡ್‌ನಲ್ಲಿ ಇನ್ನೊಂದು ಕಷ್ಟ ಇದೆ. ಸ್ಕ್ಯಾನ್ ಗೆರೆ ನಿಜವಾದ ಕೋಡನ್ನೇ ಓರೆಯಾಗಿ ಅರ್ಧ ದಾಟಿದರೂ ಒಂದು ಚಿಕ್ಕ, ಸರಿಯೆನಿಸುವ ನಂಬರು ಬಂದುಬಿಡಬಹುದು. ಪೆಟ್ಟಿಗೆಗಳ ಮೇಲೆ ಕಾಣುವ ಐಟಿಎಫ್-14 ಕೂಡ ಇಂಟರ್‌ಲೀವ್ಡ್ 2 ಆಫ್ 5 ಬಗೆಯದೇ, ಅದರ ಮೇಲೆ ಕೆಳಗೆ ದಪ್ಪ ಪಟ್ಟಿ ಹಾಕುವುದು ಈ ಅರ್ಧ ಓದನ್ನು ತಡೆಯಲಿಕ್ಕೂ ಹೌದು.

ಪರಿಹಾರ ಸುಲಭ, ಆದರೆ ಯಾರೂ ಮೊದಲ ದಿನ ಹೇಳಿಕೊಡುವುದಿಲ್ಲ. ಝೆಡ್‌ಬಾರ್‌ಗೆ ಮೊದಲು ಎಲ್ಲ ಬಗೆಗಳನ್ನೂ ಡಿಸೇಬಲ್ ಮಾಡಲು ಹೇಳಿ, ಆಮೇಲೆ ನಿಮಗೆ ಬೇಕಾದ ಬಗೆಯನ್ನು ಮಾತ್ರ ಎನೇಬಲ್ ಮಾಡಿ. ನನ್ನ ಮಟ್ಟಿಗೆ ಕೋಡ್ 128 ಮತ್ತು ಕ್ಯೂಆರ್. ಹೀಗೆ ಮಾಡಿದ ಮೇಲೆ ಸುಳ್ಳು ನಂಬರುಗಳು ನಿಂತವು. ಡೇಟಾಬಾರ್ ಎಂಬ ಮತ್ತೊಂದು ಬಗೆಯ ಬಗ್ಗೆ ಪರದೆ ತುಂಬಾ ಬರುತ್ತಿದ್ದ ಎಚ್ಚರಿಕೆಯ ಸಾಲುಗಳೂ ಅದರ ಜೊತೆಗೇ ಹೋದವು. ಇಂಟರ್‌ಲೀವ್ಡ್ ಬೇಕೇ ಬೇಕು ಎನ್ನುವವರು ಕನಿಷ್ಠ ಉದ್ದವನ್ನು ತಮ್ಮ ನಂಬರಿನ ಉದ್ದಕ್ಕೇ ಏರಿಸಿಡಿ. ಎಕ್ಸ್‌ಎಂಎಲ್ ಔಟ್‌ಪುಟ್ ತೆಗೆದರೆ ಪ್ರತಿ ಉತ್ತರದ ಜೊತೆ ಕ್ವಾಲಿಟಿ ಎಂಬ ಒಂದು ಅಂಕಿ ಬರುತ್ತದೆ. ಪಟ್ಟಿಯ ಬಾರ್‌ಕೋಡ್‌ಗಳಲ್ಲಿ ಅದು ಜಾಸ್ತಿ ಇದ್ದಷ್ಟೂ ನಂಬಿಕೆ ಜಾಸ್ತಿ. ನನ್ನ ಹಾಳೆಗಳಲ್ಲಿ ನಿಜವಾದ ಕೋಡ್‌ಗೆ ದೊಡ್ಡ ಅಂಕಿ, ಕೋಷ್ಟಕದಿಂದ ಹುಟ್ಟಿದ್ದಕ್ಕೆ ತೀರಾ ಸಣ್ಣ ಅಂಕಿ ಬರುತ್ತಿತ್ತು.

ಝೆಡ್‌ಎಕ್ಸಿಂಗ್ ಸಿಪಿಪಿ ನನ್ನ ಮನಸ್ಸು ಗೆದ್ದಿದ್ದು ಇಲ್ಲೇ. ಅಲ್ಲೂ ಬೇಕಾದ ಬಗೆಯನ್ನು ಹೇಳಿ ಓದಿಸಬಹುದು, ಹೇಳಲೇಬೇಕು ಕೂಡ. ಆದರೆ ಏನೂ ಹೇಳದಿದ್ದಾಗಲೂ ಅದು ಜಾಗರೂಕತೆಯಿಂದ ನಡೆಯುತ್ತದೆ. ಪಟ್ಟಿಯ ಬಾರ್‌ಕೋಡ್ ಆದರೆ ಕನಿಷ್ಠ ಎರಡು ಸ್ಕ್ಯಾನ್ ಗೆರೆಗಳಲ್ಲಿ ಒಂದೇ ಉತ್ತರ ಬರದೆ ಒಪ್ಪಿಕೊಳ್ಳುವುದಿಲ್ಲ. ಈ ಎರಡನ್ನು ನಾವು ಇನ್ನೂ ಏರಿಸಬಹುದು. ಬಾರ್‌ಕೋಡ್‌ನ ನಾಲ್ಕು ಮೂಲೆಗಳು ಪುಟದಲ್ಲಿ ಎಲ್ಲಿವೆ ಎಂದೂ ಹೇಳುತ್ತದೆ. ನನ್ನ ಫಾರಂನಲ್ಲಿ ಕೋಡ್ ಯಾವಾಗಲೂ ಮೇಲ್ತುದಿಯಲ್ಲೇ ಇರುವುದು. ಪುಟದ ನಡುವೆ ಏನೇ ಸಿಕ್ಕರೂ ತಳ್ಳಿಹಾಕುವುದು ಆಗ ಎರಡು ಸಾಲಿನ ಪ್ರೋಗ್ರಾಂ ಅಷ್ಟೇ.

ಇನ್ನು ಚಿತ್ರದ ಗುಣಮಟ್ಟ. ಸ್ಕ್ಯಾನರ್‌ನ ಟೆಕ್ಸ್ಟ್ ಮೋಡ್ ಎಲ್ಲವನ್ನೂ ಅಪ್ಪಟ ಕಪ್ಪು ಬಿಳಿ ಮಾಡುತ್ತದೆ. ಕಣ್ಣಿಗೆ ಚೊಕ್ಕಟವಾಗಿ ಕಾಣುತ್ತದೆ, ಆದರೆ ಬಾರ್‌ಕೋಡ್‌ಗೆ ಅದು ಒಳ್ಳೆಯದಲ್ಲ. ಗೆರೆಯ ಅಂಚು ಪಿಕ್ಸೆಲ್‌ನ ನಡುವೆ ಎಲ್ಲೋ ಬಿದ್ದಿದ್ದರೆ ಗ್ರೇ ಚಿತ್ರದಲ್ಲಿ ಆ ಪಿಕ್ಸೆಲ್ ಅರೆಗಪ್ಪಾಗಿ ಉಳಿಯುತ್ತದೆ. ಝೆಡ್‌ಬಾರ್ ಬೆಳಕಿನ ಏರಿಳಿತ ನೋಡಿ ಅಂಚನ್ನು ಪಿಕ್ಸೆಲ್‌ಗಿಂತ ನಿಖರವಾಗಿ ಅಂದಾಜು ಮಾಡುತ್ತದೆ. ಕಪ್ಪು ಬಿಳಿ ಮಾಡಿ ಕೊಟ್ಟರೆ ಆ ಸುಳಿವೇ ಅಳಿಸಿಹೋಗುತ್ತದೆ. ಹಾಗಾಗಿ ನಾವೇ ಥ್ರೆಶೋಲ್ಡ್ ಹಾಕಿ (ಒಂದು ಮಿತಿಗಿಂತ ಗಾಢವಾದದ್ದು ಕಪ್ಪು, ಉಳಿದದ್ದು ಬಿಳಿ ಎಂದು ಮಾಡಿ) ಚಿತ್ರವನ್ನು "ಸ್ವಚ್ಛ" ಮಾಡಿ ಕೊಡುವುದು ಬೇಡ. ಹಳೆಯ ಸ್ಕ್ಯಾನ್‌ಗಳು ಕಪ್ಪು ಬಿಳಿಯಲ್ಲೇ ಇದ್ದರೆ ಗ್ರೇಗೆ ಬದಲಿಸಿ, ಚಿತ್ರವನ್ನು ಎರಡರಷ್ಟು ಹಿಗ್ಗಿಸಿ, ಸ್ವಲ್ಪ ಬ್ಲರ್ ಕೊಟ್ಟು ನೋಡಿ. ಓದದೇ ಇದ್ದವು ಓದಿದ್ದನ್ನು ನಾನು ಕಂಡಿದ್ದೇನೆ.

ರೆಸಲ್ಯೂಶನ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂಬ ಮಾತನ್ನೂ ಪೂರ್ತಿ ನಂಬಬೇಡಿ. 600 ಡಿಪಿಐನಲ್ಲಿ ಕಾಗದದ ತರಿ, ಟೋನರ್ ಉದುರಿದ ಚುಕ್ಕೆ ಎಲ್ಲವೂ ದೊಡ್ಡದಾಗಿ ಬರುತ್ತವೆ. ಅರ್ಧಕ್ಕೆ ಇಳಿಸಿದರೆ ಅವೆಲ್ಲ ಬೆರೆತು ಗೆರೆ ಸಮವಾಗುತ್ತದೆ. ಝೆಡ್‌ಎಕ್ಸಿಂಗ್ ಸಿಪಿಪಿಗೆ ಚಿತ್ರ ಕುಗ್ಗಿಸಿ ಮತ್ತೊಮ್ಮೆ ನೋಡುವ ಆಯ್ಕೆ ಒಳಗೇ ಇದೆ. ಝೆಡ್‌ಬಾರ್‌ಗೆ ನಾವೇ ಕುಗ್ಗಿಸಿ ಕೊಡಬೇಕು. ಇನ್ನೊಂದು ಕಡೆ, 0.19 ಮಿ.ಮೀ.ನಂಥ ಸಣ್ಣ ಗೆರೆಯ ಲೇಬಲ್ ಇದ್ದರೆ 200 ಡಿಪಿಐನಲ್ಲಿ ಗೆರೆಗೆ ಸಿಗುವುದು ಒಂದೂವರೆ ಪಿಕ್ಸೆಲ್ ಮಾತ್ರ. ಅಲ್ಲಿ ಸಾಫ್ಟ್‌ವೇರ್ ಬದಲಿಸಿ ಪ್ರಯೋಜನವಿಲ್ಲ, ಮತ್ತೆ ಸ್ಕ್ಯಾನ್ ಮಾಡಬೇಕು.

ಓರೆಯ ಬಗ್ಗೆ ಜನ ಅನಗತ್ಯವಾಗಿ ಹೆದರುತ್ತಾರೆ. 50 ಮಿ.ಮೀ. ಉದ್ದ, 10 ಮಿ.ಮೀ. ಎತ್ತರದ ಕೋಡ್ ಸುಮಾರು 11 ಡಿಗ್ರಿ ವಾಲಿದರೂ ಒಂದು ನೇರ ಗೆರೆ ಎಲ್ಲ ಪಟ್ಟಿಗಳನ್ನೂ ದಾಟಬಲ್ಲದು. ಸ್ಕ್ಯಾನರ್‌ಗೆ ಹಾಳೆ ಎಳೆದುಕೊಡುವ ಫೀಡರ್‌ನಲ್ಲಿ ಹಾಳೆ ಅಷ್ಟು ವಾಲುವುದು ಅಪರೂಪ. ಅದೇ 60 ಮಿ.ಮೀ. ಉದ್ದ, 5 ಮಿ.ಮೀ. ಎತ್ತರ ಇದ್ದರೆ 5 ಡಿಗ್ರಿಯೊಳಗೇ ಕೆಲಸ ಕೆಡುತ್ತದೆ. ಜಾಗ ಉಳಿಸಲು ಬಾರ್‌ಕೋಡ್‌ನ ಎತ್ತರ ಕತ್ತರಿಸುವವರು ಇದನ್ನು ನೆನಪಿಡಬೇಕು.

ಅಕ್ಕಪಕ್ಕದ ಖಾಲಿ ಜಾಗವೂ ಮುಖ್ಯ. ಕೋಡ್ 128ಕ್ಕೆ ಎರಡೂ ಬದಿ ಸಣ್ಣ ಗೆರೆಯ ಹತ್ತು ಪಟ್ಟು ಬಿಳಿ ಬೇಕು. ಕ್ಯೂಆರ್‌ಗೆ ಸುತ್ತ ನಾಲ್ಕು ಚೌಕದಷ್ಟು. ರಬ್ಬರ್ ಸೀಲು ಸರಿಯಾಗಿ ಅಲ್ಲೇ ಬಿದ್ದರೆ ಓದು ನಿಲ್ಲುತ್ತದೆ. ಚಿತ್ರ ಅಂಚಿನಲ್ಲಿ ಕತ್ತರಿಸಿಹೋಗಿದ್ದರೆ ಸುತ್ತ ಬಿಳಿ ಅಂಚು ಸೇರಿಸಿ ನೋಡಿ, ಸಲೀಸಾಗಿ ಓದಬಹುದು.

ಉಳಿದವುಗಳ ಬಗ್ಗೆ ಚುಟುಕಾಗಿ. ಜಾವಾದ ಮೂಲ ಝೆಡ್‌ಎಕ್ಸಿಂಗ್ ಈಗ ರಿಪೇರಿ ಮಾತ್ರ ನಡೆಯುವ ಸ್ಥಿತಿಯಲ್ಲಿದೆ. ಜಾವಾದಲ್ಲೇ ಕೆಲಸ ಮಾಡುವವರು ಟ್ರೈ ಹಾರ್ಡರ್ (ಇನ್ನಷ್ಟು ಹುಡುಕು) ಆಯ್ಕೆ ಹಾಕಿ ಬಳಸಲಿ. ಓಪನ್‌ಸಿವಿ ಎಂಬ ಚಿತ್ರ ಸಂಸ್ಕರಣೆಯ ಲೈಬ್ರರಿಯ ಬಾರ್‌ಕೋಡ್ ಡಿಟೆಕ್ಟರ್ ಇರುವುದು ಅಂಗಡಿ ಸಾಮಾನಿನ ಇಎಎನ್, ಯುಪಿಸಿ ಕೋಡ್‌ಗಳಿಗೆ. ಕೋಡ್ 128 ಓದುವುದಿಲ್ಲ, ನನಗೆ ಉಪಯೋಗವಿಲ್ಲ. ಲಿಬ್‌ಡಿಎಂಟಿಎಕ್ಸ್ ಲೈಬ್ರರಿ ಡೇಟಾ ಮ್ಯಾಟ್ರಿಕ್ಸ್ ಎಂಬ ಚೌಕದ ಕೋಡ್‌ಗೆ ಮಾತ್ರ. ಕೋಡ್ ಇಲ್ಲದ ದೊಡ್ಡ ಪುಟ ಕೊಟ್ಟರೆ ಹುಡುಕುತ್ತಲೇ ಇರುತ್ತದೆ, ಟೈಮ್‌ಔಟ್ ಹಾಕದೆ ಓಡಿಸಬೇಡಿ. ಝೆಡ್‌ಬಾರ್ ಡೇಟಾ ಮ್ಯಾಟ್ರಿಕ್ಸ್ ಓದುವುದೇ ಇಲ್ಲ, ಝೆಡ್‌ಎಕ್ಸಿಂಗ್ ಸಿಪಿಪಿ ಓದುತ್ತದೆ. ಚೌಕದ ಕೋಡ್ ಓದುತ್ತಿಲ್ಲ ಎಂದಾಗ ಮೊದಲು ಕಣ್ಣಿಟ್ಟು ನೋಡಿ. ಮೂರು ಮೂಲೆಯಲ್ಲಿ ಚೌಕ ಇದ್ದರೆ ಕ್ಯೂಆರ್. ಪಕ್ಕಪಕ್ಕದ ಎರಡು ಬದಿಯಲ್ಲಿ ತುಂಬುಗಪ್ಪು ಗೆರೆ ಇದ್ದರೆ ಡೇಟಾ ಮ್ಯಾಟ್ರಿಕ್ಸ್.

ವೇಗದಲ್ಲಿ ನನ್ನ ಹಳೆಯ ಲ್ಯಾಪ್‌ಟಾಪ್ ಮೇಲೆ ಎರಡರ ನಡುವೆ ಕಾಯಬೇಕಾದಷ್ಟು ವ್ಯತ್ಯಾಸ ಕಾಣಲಿಲ್ಲ. ಇನ್‌ಸ್ಟಾಲ್ ಮಾಡುವುದರಲ್ಲಿ ಕಂಡಿತು. ಪೈಥಾನ್‌ನಲ್ಲಿ ಝೆಡ್‌ಎಕ್ಸಿಂಗ್ ಸಿಪಿಪಿ ಒಂದೇ ಪಿಪ್ ಕಮಾಂಡ್‌ನಲ್ಲಿ ಬರುತ್ತದೆ. ಝೆಡ್‌ಬಾರನ್ನು ಪೈಥಾನ್‌ನಿಂದ ಬಳಸಲು ಇರುವ ಪೈಝೆಡ್‌ಬಾರ್‌ಗೆ ಲಿನಕ್ಸ್, ಮ್ಯಾಕ್‌ನಲ್ಲಿ ಮೂಲ ಲೈಬ್ರರಿಯನ್ನು ಬೇರೆಯಾಗಿ ಹಾಕಬೇಕು.

ನಾನು ಪೈಥಾನ್‌ನಲ್ಲಿ ಬರೆಯುವವನು. ರಾತ್ರಿ ಹಾಳೆಗಳ ರಾಶಿ ಕೊಟ್ಟು ಬೆಳಗ್ಗೆ ನೋಡುವವನು. ನಡುವೆ ಯಾರೂ ಕಾವಲು ಕೂರುವುದಿಲ್ಲ. ಹೀಗಾಗಿ ತಪ್ಪು ಉತ್ತರ ಕೊಡದಿರುವುದೇ ನನಗೆ ದೊಡ್ಡದು, ಝೆಡ್‌ಎಕ್ಸಿಂಗ್ ಸಿಪಿಪಿ ಅದಕ್ಕೇ ನನ್ನ ಆಯ್ಕೆ. ನಿಮ್ಮದು ಶೆಲ್ ಸ್ಕ್ರಿಪ್ಟ್, ಬರೀ ಕ್ಯೂಆರ್, ದಿನಕ್ಕೆ ನಾಲ್ಕೈದು ಹಾಳೆ ಅಂದರೆ ಝೆಡ್‌ಬಾರ್ ಧಾರಾಳ ಸಾಕು. ಏನೂ ಸಿಗದಿದ್ದರೆ ಅದು 4 ಎಂಬ ಎಕ್ಸಿಟ್ ಕೋಡ್ (ಮುಗಿಯುವಾಗ ಫಲಿತಾಂಶ ತಿಳಿಸುವ ಸಂಖ್ಯೆ) ಕೊಡುತ್ತದೆ, ಸ್ಕ್ರಿಪ್ಟ್‌ನಲ್ಲಿ ಅದನ್ನು ಹಿಡಿಯಿರಿ.

ನನ್ನ ಈಗಿನ ಕ್ರಮದಲ್ಲಿ ಎರಡಕ್ಕೂ ಜಾಗ ಇದೆ. ಮೊದಲು ಝೆಡ್‌ಎಕ್ಸಿಂಗ್ ಸಿಪಿಪಿ, 300 ಡಿಪಿಐ ಗ್ರೇ ಚಿತ್ರದ ಮೇಲೆ. ಓದದ ಹಾಳೆಗಳು ಹಿಗ್ಗಿಸಿ, ಬ್ಲರ್ ಮಾಡಿ ಝೆಡ್‌ಬಾರ್‌ಗೆ ಹೋಗುತ್ತವೆ, ಕೋಡ್ 128 ಮತ್ತು ಕ್ಯೂಆರ್ ಮಾತ್ರ ಎನೇಬಲ್ ಆಗಿರುತ್ತವೆ. ಬಂದ ನಂಬರು ನಮ್ಮ ಫಾರಂ ನಂಬರಿನ ಉದ್ದಕ್ಕೆ, ಮೊದಲ ಅಕ್ಷರಗಳಿಗೆ ಹೊಂದದಿದ್ದರೆ ಓದೇ ಇಲ್ಲವೆಂದು ಲೆಕ್ಕ. ಅಲ್ಲೂ ಉಳಿದವನ್ನು ಬೇರೆ ಫೋಲ್ಡರ್‌ಗೆ ಹಾಕಿ, ಪಟ್ಟಿಯ ಕೆಳಗೆ ಅಚ್ಚಾದ ಅಂಕಿ ನೋಡಿ ಕೈಯಲ್ಲೇ ಟೈಪ್ ಮಾಡುತ್ತೇನೆ.